ಮಾಂಟ್‌ಗೊಮರಿ ತಲುಪದ ರೈಲು

ಕ್ರೇವನ್ ಆರ್ಮ್ಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ ಅಳಿಯಂದಿರು ನನ್ನ ಕಡೆ ತಿರುಗಿದರು. "ಮಾವ, ಓಡುವ ರೈಲು ನೋಡಲು ಬರುವವರನ್ನು ಕಂಡಿದ್ದೇನೆ. ತೊಂಬತ್ತು ವರ್ಷದ ಹಿಂದೆ ಕಿತ್ತುಹಾಕಿದ ರೈಲನ್ನು ನೋಡಲು ಬಂದವರು ನೀವೊಬ್ಬರೇ."

ಉತ್ತರ ಕೊಡಲು ನನಗೆ ಸಂಕೋಚ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ದುಡಿದು, ಅದರಲ್ಲಿ ಹೆಚ್ಚಿನ ಕಾಲ ಮಲೆನಾಡಿನ ಮೀಟರ್ ಗೇಜ್ ಸ್ಟೇಶನ್ನುಗಳಲ್ಲಿ ಟೋಕನ್ ಹಿಡಿದು ನಿಂತವನು ನಾನು. ನಮ್ಮ ಲೈನು ಲಾಭದ್ದಲ್ಲ. "ಇವತ್ತೋ ನಾಳೆಯೋ ಮುಚ್ಚುತ್ತಾರಂತೆ" ಎನ್ನುವ ಮಾತು ಕೇಳುತ್ತಲೇ ನನ್ನ ಮದುವೆ, ಬಡ್ತಿ, ಮಗಳ ಓದು ಎಲ್ಲವೂ ಆಗಿಹೋದವು. ಬರ್ಮಿಂಗ್‌ಹ್ಯಾಮಿನ ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದವನಿಗೆ ವೇಲ್ಸ್ ಗಡಿಯ ಶ್ರಾಪ್‌ಶೈರ್ ಜಿಲ್ಲೆಯ ಪುಟ್ಟ ಊರೊಂದರ, ಬಿಷಪ್ಸ್ ಕ್ಯಾಸಲ್ ರೈಲ್ವೆಯ ಕಥೆ ಸಿಕ್ಕಿದ್ದು ಒಂದು ಮಳೆಯ ಮಧ್ಯಾಹ್ನ, ಗ್ರಂಥಾಲಯದಲ್ಲಿ. ಹುಟ್ಟಿದ ಮರುವರ್ಷವೇ ದಿವಾಳಿಯಾಗಿ, ಆ ದಿವಾಳಿ ಸ್ಥಿತಿಯಲ್ಲಿಯೇ ಅರವತ್ತೆಂಟು ವರ್ಷ ರೈಲು ಓಡಿಸಿದ ಕಂಪನಿ! ನಿವೃತ್ತ ಸ್ಟೇಶನ್ ಮಾಸ್ಟರನಿಗೆ ಇದಕ್ಕಿಂತ ದೊಡ್ಡ ತೀರ್ಥಕ್ಷೇತ್ರ ಬೇಕೇ? ಮಗಳಿಗೆ ರಜೆ ಇರಲಿಲ್ಲ. ಚಪಾತಿ ಸುರುಳಿ, ಶೇಂಗಾ ಚಟ್ನಿ, ಫ್ಲಾಸ್ಕಿನಲ್ಲಿ ಚಹ ಕಟ್ಟಿಕೊಟ್ಟು, "ಅಲ್ಲಿ ಯಾವಾಗ ಬೇಕಾದರೂ ಮಳೆ, ಅಪ್ಪ" ಎಂದು ತನ್ನ ಕೆಂಪು ಕೊಡೆಯನ್ನೂ ಕೈಗಿತ್ತಳು. ಸಂಜೆಯೊಳಗೆ ವೇಲ್ಸಿನ ಪೋವಿಸ್ ಕೋಟೆಗೂ ಹೋಗಿ ಟಿಪ್ಪುವಿನ ಡೇರೆ ನೋಡಿ ಬರಬೇಕೆಂಬುದು ಅವಳ ಕರಾರು.

ಕ್ರೇವನ್ ಆರ್ಮ್ಸ್ ಎಂಬುದು ಮೊದಲಿಗೆ ಊರಿನ ಹೆಸರಲ್ಲ, ಒಂದು ಹೋಟೆಲಿನ ಹೆಸರು. 1852ರಲ್ಲಿ ಶ್ರೂಸ್‌ಬರಿಯಿಂದ ಹೆರಿಫರ್ಡ್ ಕಡೆಗಿನ ರೈಲು ಇಲ್ಲಿಗೆ ಬಂದಾಗ ನಿಲ್ದಾಣಕ್ಕೆ ಹತ್ತಿರದ ಹೋಟೆಲಿನ ಹೆಸರಿಟ್ಟರು. ನಿಲ್ದಾಣದ ಸುತ್ತ ಊರು ಬೆಳೆಯಿತು, ಊರಿಗೂ ಅದೇ ಹೆಸರು ಅಂಟಿತು. ರೈಲು ಬಂದರೆ ಊರು ಹುಟ್ಟುತ್ತದೆ ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇತ್ತು. ಹೀಗಿರುವಾಗ ಪಶ್ಚಿಮದ ಗುಡ್ಡಗಳ ಸಂದಿಯಲ್ಲಿದ್ದ ಬಿಷಪ್ಸ್ ಕ್ಯಾಸಲ್‌ನ ಜನ ಸುಮ್ಮನಿರುವುದು ಹೇಗೆ? ರೈಲಿಲ್ಲದ ಊರು ಸತ್ತ ಊರು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಜಮೀನುದಾರರು, ವರ್ತಕರು ಸೇರಿ ಕಂಪನಿ ಕಟ್ಟಿದರು. 1861ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅನುಮತಿ ಕೊಟ್ಟಿತು.

ಅವರ ಯೋಜನೆ ಇಷ್ಟು. ಕ್ರೇವನ್ ಆರ್ಮ್ಸ್‌ನ ಉತ್ತರಕ್ಕೆ ಸ್ಟ್ರೆಟ್‌ಫರ್ಡ್ ಬ್ರಿಜ್ ಎಂಬಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವುದು. ಆನ್ನಿ ಹೊಳೆಯ ಕಣಿವೆ ಹಿಡಿದು ಪಶ್ಚಿಮಕ್ಕೆ ಸಾಗಿ, ವೇಲ್ಸ್ ಗಡಿ ದಾಟಿ, ಮಾಂಟ್‌ಗೊಮರಿಯ ಹತ್ತಿರ ಇನ್ನೊಂದು ರೈಲು ಮಾರ್ಗವನ್ನು ಕೂಡುವುದು. ಬಿಷಪ್ಸ್ ಕ್ಯಾಸಲ್ ಈ ಮಾರ್ಗದ ಪಕ್ಕಕ್ಕೆ ಬೀಳುತ್ತದೆ, ಅದಕ್ಕೊಂದು ಚಿಕ್ಕ ಕವಲು. ಎರಡು ದೊಡ್ಡ ಮಾರ್ಗಗಳ ನಡುವೆ ಸೇತುವಾದರೆ ದೂರದ ಸರಕೂ ಹಾದುಹೋಗುತ್ತದೆ, ಬಾಡಿಗೆ ಬರುತ್ತದೆ ಎಂಬ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹಣ ಮಾತ್ರ ಇರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ಮೊದಲ ರೈಲು ಬಂದದ್ದು 1864ರ ಆಗಸ್ಟಿನಲ್ಲಿ. ಅಂದರೆ ಬಿಷಪ್ಸ್ ಕ್ಯಾಸಲ್‌ಗಿಂತ ಒಂದು ವರ್ಷ ಮೊದಲೇ ಬೆಂಗಳೂರಿನಲ್ಲಿ ಎಂಜಿನ್ನಿನ ಸಿಳ್ಳು ಕೇಳಿತ್ತು. ಅದನ್ನು ತಂದ ಮದ್ರಾಸ್ ರೈಲ್ವೆ ಕಂಪನಿಯೂ ಲಂಡನ್ನಿನದೇ. ಆದರೆ ಅದರಲ್ಲಿ ಹಣ ತೊಡಗಿಸಿದವರಿಗೆ ಸರ್ಕಾರ ಶೇಕಡಾ 5ರ ಖಾತರಿ ಕೊಟ್ಟಿತ್ತು. ರೈಲು ಲಾಭ ಮಾಡಲಿ, ಬಿಡಲಿ, ಬಡ್ಡಿ ಖಂಡಿತ. ಕೊರತೆ ಬಿದ್ದರೆ ತುಂಬುವುದು ಭಾರತದ ಕಂದಾಯದಿಂದ, ಎಂದರೆ ನಮ್ಮ ರೈತರ ಜೇಬಿನಿಂದ. ಖಾತರಿ ಇರುವವರೆಗೆ ಆ ಹಣವನ್ನು ಇಟ್ಟಿಗೆ ಗಾರೆಗೆ ಹಾಕಿದರೂ ಒಂದೇ, ಹೂಗ್ಲಿ ನದಿಗೆ ಎಸೆದರೂ ಒಂದೇ ಎಂದು ವೈಸ್‌ರಾಯ್ ಸಭೆಯಲ್ಲಿ ಹಣಕಾಸು ಸದಸ್ಯರಾಗಿದ್ದ ವಿಲಿಯಂ ಮ್ಯಾಸಿ ಆಮೇಲೆ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು. ಶ್ರಾಪ್‌ಶೈರಿನ ಗುಡ್ಡಗಾಡಿನ ರೈಲಿಗೆ ಇಂಥ ಖಾತರಿ ಕೊಡುವ ರೈತರು ಯಾರಿದ್ದರು? ಷೇರು ಕೊಳ್ಳುವವರು ಎರಡನ್ನೂ ತೂಗಿ ನೋಡಿದ್ದರೆ ತಕ್ಕಡಿ ಯಾವ ಕಡೆ ವಾಲುತ್ತಿತ್ತೆಂದು ಹೇಳಬೇಕಾಗಿಲ್ಲ.

"ಹಾಗಾದರೆ ಇದು ಖಾತರಿ ಇಲ್ಲದ ರೈಲು" ಎಂದರು ಅಳಿಯಂದಿರು. ಅವರು ವೃತ್ತಿಯಿಂದ ಲೆಕ್ಕಪರಿಶೋಧಕರು. ಆಗಿನಿಂದ ಅವರಿಗೂ ಸ್ವಲ್ಪ ಆಸಕ್ತಿ ಹುಟ್ಟಿತು.

ಚೇನಿ ಲಾಂಗ್‌ವಿಲ್ ಹತ್ತಿರ ಕಾರು ಬಿಟ್ಟು ನಡೆಯತೊಡಗಿದೆವು. ಇಲ್ಲಿ ಆನ್ನಿ ಹೊಳೆಯ ಪಕ್ಕದ ಕಾಲುದಾರಿ ಹಳೆಯ ರೈಲು ಮಾರ್ಗದ ಮೇಲೆಯೇ ಸಾಗುತ್ತದೆ. ನಕ್ಷೆ ನೋಡಬೇಕಾದ ಅಗತ್ಯವೇ ನನಗೆ ಬರಲಿಲ್ಲ. ಹಳಿ ಕಿತ್ತು ಎಷ್ಟು ವರ್ಷವಾದರೂ ಫಾರ್ಮೇಶನ್, ಎಂದರೆ ಹಳಿ ಹಾಸಲು ಹದ ಮಾಡಿದ ನೆಲ, ಸುಳ್ಳು ಹೇಳುವುದಿಲ್ಲ. ದನದ ದಾರಿ ದಿಣ್ಣೆ ಬಂದರೆ ಏರುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ರೈಲಿನ ದಾರಿ ದಿಣ್ಣೆಯನ್ನು ಕಡಿದು ಆ ಮಣ್ಣಿನಿಂದಲೇ ಹಳ್ಳ ತುಂಬಿಸಿ, ತಾನು ಏರದೆ ಇಳಿಯದೆ ಹೋಗುತ್ತದೆ. ತಿರುವು ಕೂಡ ಹಾಗೆಯೇ: ಎತ್ತಿನ ಗಾಡಿಯಂತೆ ಥಟ್ಟನೆ ಹೊರಳುವುದಿಲ್ಲ, ನೂರು ಗಜ ಮೊದಲೇ ಯೋಚಿಸಿ ಬಾಗುತ್ತದೆ. ಬಲಕ್ಕೆ ಬೇಲಿ, ಎಡಕ್ಕೆ ಹೊಳೆಯ ಸದ್ದು, ಕಾಲ ಕೆಳಗೆ ಒದ್ದೆ ಎಲೆ. ಬೂಟಿನ ತುದಿಯಿಂದ ಎಲೆಯ ಪದರ ಕೆದಕಿದೆ. ಕೆಳಗೆ ಕಪ್ಪು ಬೂದಿ, ಹಿಟ್ಟಿನಷ್ಟು ನಯ. ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಗಿ ಎಂಜಿನ್ನುಗಳು ಲೋಕೋ ಶೆಡ್ಡಿನ ಹೊರಗೆ ಕೊಡವುತ್ತಿದ್ದದ್ದು ಇಂಥದನ್ನೇ. ಹೆಬ್ಬೆರಳಿನ ಗೆರೆಗಳಲ್ಲಿ ಕೂತ ಕಪ್ಪು ಸಂಜೆ ಮನೆಗೆ ಹೋಗುವವರೆಗೂ ಹೋಗಲಿಲ್ಲ.

ಈ ಹೊಳೆಯ ದಂಡೆ ಭೂವಿಜ್ಞಾನಿಗಳಿಗೂ ಯಾತ್ರಾಸ್ಥಳ. ರಾಡರಿಕ್ ಮರ್ಚಿಸನ್ ಶಿಲೆಗಳ ಕಾಲಗಣನೆ ಕಟ್ಟಿದ ಸೀಮೆ ಇದು. ಸೈಲೂರಿಯನ್ ಯುಗ ಎಂಬ ಹೆಸರನ್ನು ಅವರು ಕೊಟ್ಟದ್ದು ಈ ಗಡಿನಾಡಿನ ಹಳೆಯ ಬುಡಕಟ್ಟೊಂದರ ನೆನಪಿಗೆ. ಹೊಳೆ ಕೊರೆದ ಒಂದು ಬರೆಯಲ್ಲಿ ಓರೆಯಾಗಿ ಮಲಗಿದ ಹಳೆಯ ಪದರದ ಮೇಲೆ ಹೊಸ ಪದರ ನೇರವಾಗಿ ಕೂತಿದೆ. ಎರಡರ ನಡುವೆ ಒಂದು ಕೋಟಿಗೂ ಹೆಚ್ಚು ವರ್ಷಗಳ ಲೆಕ್ಕ ಕಾಣೆ. "ಕಾಣೆಯಾದ ಲೆಕ್ಕ ಹುಡುಕುವುದೇ ನನ್ನ ಉದ್ಯೋಗ, ಆದರೆ ಇಷ್ಟು ದೊಡ್ಡದನ್ನು ಕಂಡಿರಲಿಲ್ಲ" ಎಂದು ಅಳಿಯಂದಿರು ನಕ್ಕರು.

1865ರ ಅಕ್ಟೋಬರಿನಲ್ಲಿ ಉದ್ಘಾಟನೆಯ ಸಡಗರ ನಡೆಯಿತು. ಪ್ರಯಾಣಿಕರ ಗಾಡಿ ನಿಯಮಿತವಾಗಿ ಓಡತೊಡಗಿದ್ದು 1866ರ ಫೆಬ್ರವರಿ 1ರಿಂದ. ಮೂರು ತಿಂಗಳು ಕಳೆಯಿತೋ ಇಲ್ಲವೋ, ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ದೊಡ್ಡ ಲೇವಾದೇವಿ ಸಂಸ್ಥೆ ಬಾಗಿಲು ಹಾಕಿತು. ಇಡೀ ದೇಶದಲ್ಲಿ ಸಾಲ ಹುಟ್ಟದಾಯಿತು. ರೈಲು ಕಟ್ಟಿಸುತ್ತಿದ್ದ ಗುತ್ತಿಗೆದಾರರು, ಸಣ್ಣ ಕಂಪನಿಗಳು ಸಾಲಾಗಿ ಮಲಗಿದವು. ಈ ಕಂಪನಿ ಮೊದಲೇ ಸಾಲದಲ್ಲಿತ್ತು. ಮಾಂಟ್‌ಗೊಮರಿಯ ಕಡೆಗಿನ ಅರ್ಧ ಮಾರ್ಗಕ್ಕೆ ಇನ್ನು ಹಣ ಎಲ್ಲಿಂದ ತರುವುದು? ಲಿಡಮ್ ಹೀತ್ ಎಂಬ ಬಯಲಿನವರೆಗೆ ಬಂದ ಹಳಿ ಅಲ್ಲಿಗೇ ನಿಂತಿತು. 1867ರಲ್ಲಿ ನ್ಯಾಯಾಲಯ ರಿಸೀವರನನ್ನು, ಎಂದರೆ ಸಾಲ ಕೊಟ್ಟವರ ಪರವಾಗಿ ಕಂಪನಿಯ ಹಣ ನೋಡಿಕೊಳ್ಳುವ ಅಧಿಕಾರಿಯನ್ನು, ನೇಮಿಸಿತು. ಆ ರಿಸೀವರ್ ಪದವಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದು, ಮುಕ್ತಾಯವಾದದ್ದು ರೈಲಿನ ಜೊತೆಗೇ.

ದಿವಾಳಿಯಾದ ಕಂಪನಿ ಅಷ್ಟು ವರ್ಷ ಓಡಿದ್ದು ಹೇಗೆ? ಹೊಳೆಯ ಪಕ್ಕದ ಮರದ ಕೊರಡಿನ ಮೇಲೆ ಕೂತು ಚಪಾತಿ ತಿನ್ನುತ್ತ ಅಳಿಯಂದಿರು ಬಿಡಿಸಿ ಹೇಳಿದರು. "ನೋಡಿ ಮಾವ, ಸಾಲ ಕೊಟ್ಟವನು ಗದ್ದೆ ಜಪ್ತಿ ಮಾಡಿದರೆ ಮಾರಬಹುದು. ಹತ್ತೂವರೆ ಮೈಲಿ ಉದ್ದ, ಹದಿನೈದು ಅಡಿ ಅಗಲದ ಗದ್ದೆಯನ್ನು ಯಾರಿಗೆ ಮಾರುತ್ತೀರಿ? ಕಿತ್ತರೆ ಗುಜರಿ ಬೆಲೆ, ಓಡಿಸಿದರೆ ಒಂದಿಷ್ಟು ಚಿಲ್ಲರೆ. ಕೊಂದರೆ ಎಲ್ಲರಿಗೂ ನಷ್ಟ." ಕಾನೂನು ಕೂಡ ಅದೇ ದಾರಿ ಹಿಡಿದಿತ್ತು. 1867ರ ರೈಲ್ವೆ ಕಂಪನಿಗಳ ಕಾಯಿದೆ, ಸಾಲಕ್ಕಾಗಿ ಓಡುವ ರೈಲಿನ ಎಂಜಿನ್ನು, ಬೋಗಿಗಳನ್ನು ಜಪ್ತಿ ಮಾಡಕೂಡದೆಂದು ವಿಧಿಸಿತು. ಬೇಕಾದರೆ ರಿಸೀವರನನ್ನು ಇಟ್ಟು ನಡೆಸಿ, ಬಂದದ್ದರಲ್ಲಿ ಹಂಚಿಕೊಳ್ಳಿ ಎಂಬುದು ಅದರ ತಿರುಳು. ಹಾಗೆ ಕಾಗದದ ಮೇಲೆ ಕಂಪನಿ ಸತ್ತಿತ್ತು, ಹಳಿಯ ಮೇಲೆ ರೈಲು ಬದುಕಿತ್ತು.

ಎಂಜಿನ್ನನ್ನು ಮುಟ್ಟಬಾರದು, ಸರಿ. ನೆಲವನ್ನು? ಆ ಪ್ರಶ್ನೆ ಎದ್ದದ್ದು ಹಾರ್ಡರ್ಲಿಯಲ್ಲಿ.

ಹಾರ್ಡರ್ಲಿ ಎಂದರೆ ರಸ್ತೆಯ ಪಕ್ಕದ ನಾಲ್ಕಾರು ಮನೆ, ಒಂದು ತಿರುವು, ಎರಡೂ ಬದಿಗೆ ಏರಿ ನಿಂತ ಕಾಡುಗುಡ್ಡ. ನಾವು ಅಲ್ಲಿಗೆ ಬರುವಾಗ ಹನಿ ಶುರುವಾಗಿತ್ತು. ನಾಯಿಯನ್ನು ಹಿಡಿದು ಬರುತ್ತಿದ್ದ ವೃದ್ಧರೊಬ್ಬರು, ಕೆಂಪು ಕೊಡೆ ಹಿಡಿದು ಹೊಲದ ಬೇಲಿಯನ್ನು ದಿಟ್ಟಿಸುತ್ತಿದ್ದ ನನ್ನನ್ನು ಕಂಡು ತಾವೇ ಮಾತಿಗೆ ನಿಂತರು. ನಾನು ಭಾರತದ ರೈಲ್ವೆಯವನೆಂದು ತಿಳಿದದ್ದೇ ತಡ, 1877ರ ಕಥೆ ಹೇಳದೆ ಬಿಡಲಿಲ್ಲ. ಗ್ರಂಥಾಲಯದಲ್ಲಿ ಓದಿಕೊಂಡು ಬಂದಿದ್ದೆ, ಆದರೂ ಮೊದಲ ಸಲ ಕೇಳುವವನಂತೆ ಕೇಳಿದೆ. ಇಂಥ ಕಥೆಯನ್ನು ಅದು ನಡೆದ ಜಾಗದಲ್ಲೇ, ಆ ಊರಿನವರ ಬಾಯಿಂದಲೇ ಕೇಳಬೇಕು.

ಇಲ್ಲಿನ ತುಂಡು ಜಮೀನನ್ನು ಕಂಪನಿ ಹಳಿ ಹಾಕಲು ತೆಗೆದುಕೊಂಡಿತ್ತು, ಆದರೆ ಹಣ ಪೂರ್ತಿ ಕೊಟ್ಟಿರಲಿಲ್ಲ. ಹತ್ತು ವರ್ಷ ಕಾದು ಸಾಕಾದ ಹಕ್ಕುದಾರರು ನ್ಯಾಯಾಲಯಕ್ಕೆ ಹೋಗಿ ಜಮೀನನ್ನು ವಾಪಸು ಪಡೆಯಲು ಆಜ್ಞೆ ತಂದರು. 1877ರ ಚಳಿಗಾಲದ ಕೊನೆಯಲ್ಲಿ ಅಮೀನರು ಬಂದರು. ಹಳಿ ಬಿಚ್ಚಿದರು, ಅಡ್ಡ ಬೇಲಿ ಹಾಕಿದರು, ಯಾರೂ ಕೀಳದಂತೆ ಕಾವಲು ಕೂತರು. ರೈಲು ನಿಂತಿತು. ಕ್ರೇವನ್ ಆರ್ಮ್ಸ್‌ನಿಂದ ಕಲ್ಲಿದ್ದಲು ಬರಬೇಕಿದ್ದ ಬಿಷಪ್ಸ್ ಕ್ಯಾಸಲ್‌ನಲ್ಲಿ ಒಲೆಗಳು ಒಂದೊಂದಾಗಿ ತಣ್ಣಗಾದವು. ಗುಡ್ಡದ ಮೇಲಿನ ಊರು, ಚಳಿ ಬೇರೆ.

ಒಂದು ರಾತ್ರಿ ಊರಿನ ಕಡೆಯ ಕೆಲವರು ಕಾವಲಿನವರ ಹತ್ತಿರ ಬಂದು ಕುಶಲ ವಿಚಾರಿಸಿದರು. ಇಂಥ ಚಳಿಯಲ್ಲಿ ಬೆಂಕಿಗೂಡಿನ ಮುಂದೆ ಎಷ್ಟು ಹೊತ್ತು ಕೂರುತ್ತೀರಿ, ಬನ್ನಿ, ಒಂದು ಲೋಟ ಬಿಯರ್ ಕುಡಿದು ಬರೋಣ ಎಂದು ಕರೆದರು. ಕಾವಲಿನವರೂ ಮನುಷ್ಯರೇ ತಾನೆ? ಅವರು ಪಬ್ಬಿನಲ್ಲಿ ಬೆಚ್ಚಗಾಗುತ್ತಿದ್ದಂತೆ ಇತ್ತ ಬೇಲಿ ಕಿತ್ತುಹೋಯಿತು, ಹಳಿ ಮತ್ತೆ ಕೂತಿತು. ಬಿಷಪ್ಸ್ ಕ್ಯಾಸಲ್ ಕಡೆಯಿಂದ ಎಂಜಿನ್ನು ಖಾಲಿ ವ್ಯಾಗನ್ನುಗಳನ್ನು ಎಳೆದುಕೊಂಡು, ಉಸಿರು ಬಿಗಿಹಿಡಿದ ಕಳ್ಳನ ಹಾಗೆ ಹಾರ್ಡರ್ಲಿ ದಾಟಿತು. ಕ್ರೇವನ್ ಆರ್ಮ್ಸ್‌ನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡಿತು. ಹೋಗುವಾಗ ಸದ್ದಡಗಿಸಿ ಹೋಗಬಹುದು. ತುಂಬಿದ ಗಾಡಿ ಏರುದಾರಿಯಲ್ಲಿ ಬರುವಾಗ ಅದು ಸಾಧ್ಯವೇ? ಚಾಲಕ ಆ ಆಸೆ ಬಿಟ್ಟು ಉಗಿಯನ್ನು ಪೂರಾ ಬಿಚ್ಚಿದ. ಧಡಧಡ ಸದ್ದು ಕೇಳಿ ಕಾವಲಿನವರು ಪಬ್ಬಿನಿಂದ ಎದ್ದು ಓಡಿ ಬರುವಷ್ಟರಲ್ಲಿ ಕೊನೆಯ ವ್ಯಾಗನ್ನಿನ ಹಿಂಭಾಗ ಕತ್ತಲಲ್ಲಿ ಕರಗುತ್ತಿತ್ತು.

ಯಾವ ಪಬ್ಬು, ಎಷ್ಟು ಲೋಟ ಎನ್ನುವುದು ಹೇಳುವವರ ಮೇಲೆ ಹೋಗುತ್ತದೆ. ನಮ್ಮ ವೃದ್ಧರು ಚಾಲಕನ ಉಗಿಯನ್ನು ತಮ್ಮ ಬಾಯಿಯಲ್ಲೇ ಬಿಟ್ಟು ತೋರಿಸಿದರು. ಅವರ ನಾಯಿಗೆ ಈ ಭಾಗ ಅಭ್ಯಾಸವಾಗಿದೆಯೇನೋ, ಕಿವಿ ಕೂಡ ನಿಮಿರಿಸಲಿಲ್ಲ. ಆ ಒಂದು ರಾತ್ರಿಯ ಕಲ್ಲಿದ್ದಲಿನಿಂದ ವ್ಯಾಜ್ಯವೇನೂ ಮುಗಿಯಲಿಲ್ಲ. ಬಾಕಿಯ ವಿಷಯ ಇತ್ಯರ್ಥವಾಗಿ ರೈಲು ಮತ್ತೆ ಓಡಲು ತಿಂಗಳುಗಳೇ ಹಿಡಿದವು. ಅದೇ 1877ರಲ್ಲಿ ನಮ್ಮ ಮೈಸೂರು ಸೀಮೆ ಭೀಕರ ಬರಗಾಲದಲ್ಲಿತ್ತು. ಬೆಂಗಳೂರು–ಮೈಸೂರು ರೈಲು ಮಾರ್ಗದ ಮಣ್ಣು ಕೆಲಸಕ್ಕೆ ಹಸಿದ ಜನರನ್ನು ಹಚ್ಚಿದ್ದು ಆ ಬರದ ದೆಸೆಯಿಂದಲೇ. ಈ ಕಣಿವೆಯಲ್ಲಿ ನಿಂತು ಅದು ಯಾಕೆ ನೆನಪಾಯಿತೋ.

ಪ್ಲೌಡನ್‌ನಲ್ಲಿ ಹಳೆಯ ನಿಲ್ದಾಣ ಈಗ ಯಾರದೋ ವಾಸದ ಮನೆ. ಇನ್ನೊಬ್ಬರ ಅಂಗಳಕ್ಕೆ ಇಣುಕುವುದು ಸರಿಯಲ್ಲವೆಂದು ದೂರದಿಂದಲೇ ಕೈಮುಗಿದೆ. ಈಟನ್‌ನಲ್ಲಿ ನಿಲ್ಲಲೂ ಇಲ್ಲ, ಮಳೆ ಜೋರಾಗಿತ್ತು.

ಲಿಡಮ್ ಹೀತ್‌ನಲ್ಲಿ ಮಾತ್ರ ಇಳಿಯಲೇಬೇಕಿತ್ತು. ಇಳಿದರೆ ಕಂಡದ್ದೇನು? ಕುರಿಗಳು, ಹುಲ್ಲು, ರಸ್ತೆ, ಆಕಾಶ. ಇಲ್ಲಿಂದ ಹಳಿ ನೇರವಾಗಿ ಮಾಂಟ್‌ಗೊಮರಿಗೆ ಹೋಗಬೇಕಿತ್ತು, ಬಿಷಪ್ಸ್ ಕ್ಯಾಸಲ್‌ಗೆ ಕವಲು ಹಿಂದಕ್ಕೆ ಸೀಳಬೇಕಿತ್ತು. ನೇರ ಹೋಗುವುದು ಹುಟ್ಟಲೇ ಇಲ್ಲ. ಉಳಿದದ್ದು ಕವಲೊಂದೇ, ಅದೂ ಹಿಮ್ಮುಖ. ಹಾಗಾಗಿ ಪ್ರತಿಯೊಂದು ಗಾಡಿಯೂ ಇಲ್ಲಿ ನಿಂತು, ಎಂಜಿನ್ನನ್ನು ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಬಾಲಕ್ಕೆ ಜೋಡಿಸಿ, ಬಂದ ಕಡೆಗೇ ಒಂದಿಷ್ಟು ತಿರುಗಿ ಹೊರಡಬೇಕು. ಬೆಂಗಳೂರಿನಿಂದ ಕಣ್ಣೂರಿನ ಕಡೆ ಹೋಗುವ ಗಾಡಿಯಲ್ಲಿ ಕೂತವರಿಗೆ ಮಂಗಳೂರು ಸೆಂಟ್ರಲ್‌ನ ಅನುಭವ ಇರುತ್ತದೆ: ಅರೆನಿದ್ದೆಯಲ್ಲಿದ್ದವರು ಗಾಡಿ ಹಿಂದಕ್ಕೆ ಹೊರಟಿತೆಂದು ಗಾಬರಿಯಾಗಿ ಏಳುತ್ತಾರೆ. ಅಲ್ಲಾದರೂ ದೊಡ್ಡ ಊರು, ಇಡ್ಲಿ ವಡೆ ಇದೆ. ಇಲ್ಲಿ ಜನವಸತಿಯೇ ಇಲ್ಲದ ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿಕೊಂಡು, ದಿನಕ್ಕೆ ಕೆಲವು ಸಲ, ಅರವತ್ತೊಂಬತ್ತು ವರ್ಷ.

ಇಲ್ಲಿ ಹಳಿ ಹೊರಳಿಸಿ ಎಂಜಿನ್ನು ಜೋಡಿಸುತ್ತಿದ್ದ ಒಬ್ಬ ಪಾಯಿಂಟ್ಸ್‌ಮನ್ನನ ಬದುಕಿನ ಬಗ್ಗೆ ಯೋಚಿಸಿದೆ. ಕಪ್ಲಿಂಗ್ ಕಳಚುವುದು, ಕೈಬೀಸುವುದು, ಮತ್ತೆ ಸಿಕ್ಕಿಸುವುದು. ಮಳೆಗಾಲದಲ್ಲಿ ಕೈಗೆ ಹತ್ತುವ ಕಬ್ಬಿಣದ ತಣ್ಪು ನನಗೆ ಗೊತ್ತು. ಎಣ್ಣೆ ಮತ್ತು ತುಕ್ಕು ಬೆರೆತ ಆ ವಾಸನೆ ಊಟದ ಅನ್ನಕ್ಕೂ ಬರುತ್ತದೆ. ಯಾವತ್ತೋ ಮುಂದಿನ ತುಂಡು ಹಾಕಿದರೆ ಈ ಕೆಲಸ ತಪ್ಪುತ್ತದೆ ಎಂದು ಮೊದಲ ಪಾಯಿಂಟ್ಸ್‌ಮನ್ ನಂಬಿದ್ದಿರಬಹುದು. ಕೊನೆಯವನು ಖಂಡಿತ ನಂಬಿರಲಿಕ್ಕಿಲ್ಲ.

ಬಿಷಪ್ಸ್ ಕ್ಯಾಸಲ್ ಇಳಿಜಾರಿನ ಊರು. ಕೆಳಗೆ ಚರ್ಚು, ಮೇಲೆ ಟೌನ್ ಹಾಲ್, ನಡುವೆ ಮಂಡಿ ಹಿಡಿಯುವಷ್ಟು ಕಡಿದಾದ ಒಂದು ಬೀದಿ. ಎರಡು ಸಾವಿರದೊಳಗಿನ ಜನಸಂಖ್ಯೆ. ಹೆರಿಫರ್ಡಿನ ಬಿಷಪ್ಪರು ಕಟ್ಟಿಸಿದ ಕೋಟೆಯಿಂದ ಹೆಸರು ಬಂತು. ಕೋಟೆ ಬಹುಮಟ್ಟಿಗೆ ಹೋಗಿ ಹೆಸರು ಉಳಿದಿದೆ. ಟೌನ್ ಹಾಲಿನ ಪಕ್ಕದ ಸಂದಿಯಲ್ಲಿ ಒಂದು ಹಳೆಯ ಮನೆ, ಮೇಲಂತಸ್ತು ದಾರಿಯ ಮೇಲೆ ಚಾಚಿಕೊಂಡು ಮರದ ಕಂಬಗಳ ಮೇಲೆ ನಿಂತಿದೆ. ಊರವರು ಅದನ್ನು ಊರುಗೋಲಿನ ಮನೆ ಎನ್ನುತ್ತಾರೆ, ಈಗ ವಸ್ತುಸಂಗ್ರಹಾಲಯ. ಈ ಊರಿನ ರೈಲಿಗೂ ಆ ಹೆಸರು ಒಪ್ಪುತ್ತಿತ್ತು ಎಂದು ನಾನು ಅಂದುಕೊಳ್ಳುವ ಮೊದಲೇ ಅಳಿಯಂದಿರು ಅಂದುಬಿಟ್ಟರು. ಥ್ರೀ ಟನ್ಸ್ ಎಂಬ ಪಬ್ಬಿನವರು 1642ರ ಪರವಾನಗಿಯ ಹೆಮ್ಮೆಯಲ್ಲಿ ಇಂದಿಗೂ ಬಿಯರ್ ತಯಾರಿಸುತ್ತಾರೆ. ಅಳಿಯಂದಿರು ಗಾಡಿ ಓಡಿಸಬೇಕು, ನನಗೆ ಅಭ್ಯಾಸವಿಲ್ಲ. ಅದರ ಮುಂದೆ ನಿಂತು ಫ್ಲಾಸ್ಕಿನ ಚಹ ಕುಡಿದೆವು. ಒಳಗಿನಿಂದ ಒಬ್ಬರು ನಮ್ಮನ್ನು ಬಹಳ ಕನಿಕರದಿಂದ ನೋಡಿದರು.

ಊರಿಗೂ ನಮಗೂ ಹಳೆಯ ನಂಟೊಂದಿದೆ, ಅಷ್ಟೇನೂ ಒಳ್ಳೆಯದಲ್ಲ. ಪ್ಲಾಸಿ ಗೆದ್ದ ರಾಬರ್ಟ್ ಕ್ಲೈವ್ 1763ರಲ್ಲಿ ಹತ್ತಿರದ ವಾಲ್ಕಟ್ ಎಸ್ಟೇಟನ್ನು ಕೊಂಡ. ಭೂಮಿಯ ಜೊತೆಗೆ ಬಿಷಪ್ಸ್ ಕ್ಯಾಸಲ್‌ನ ರಾಜಕೀಯವೂ ಬಂತು. ಬೆರಳೆಣಿಕೆಯ ಮತದಾರರ ಈ ಪುಟ್ಟ ಊರಿಗೆ ಪಾರ್ಲಿಮೆಂಟಿನಲ್ಲಿ ಎರಡು ಸ್ಥಾನ! ಬಂಗಾಳದ ಹಣವಿದ್ದವರಿಗೆ ಅವು ಕಷ್ಟವಾಗಲಿಲ್ಲ. 1832ರ ಸುಧಾರಣಾ ಕಾಯಿದೆ ಎರಡೂ ಸ್ಥಾನಗಳನ್ನು ಕಿತ್ತುಕೊಂಡಿತು. ಅಲ್ಲಿಗೆ ಊರಿನ ಓಟಿಗೆ ಬೆಲೆ ಹೋಯಿತು, ಹಣ ಚೆಲ್ಲುವವರೂ ಬರುವುದನ್ನು ಬಿಟ್ಟರು. ಮೂವತ್ತು ವರ್ಷ ಕಳೆದು ರೈಲಿನ ಷೇರು ಹಿಡಿದು ನಿಂತಾಗ ಊರಿಗೆ ಉಳಿದದ್ದು ಊರವರೇ.

ನಿಲ್ದಾಣದ ಜಾಗದಲ್ಲಿ ನಿಲ್ದಾಣವಿಲ್ಲ. ಬೀದಿಯ ಹೆಸರಿನಲ್ಲಿ ಮಾತ್ರ 'ಸ್ಟೇಶನ್' ಉಳಿದಿದೆ. ಆದರೆ ಸರಕು ಅಂಗಳದಲ್ಲಿದ್ದ ತೂಕದ ಮನೆ ಇದೆ. ರೈಲಿನ ನೆನಪು ಕಾಯುವ ಸ್ಥಳೀಯ ಸಂಘದವರು ಅದನ್ನು ದುರಸ್ತಿ ಮಾಡಿ ಇಟ್ಟುಕೊಂಡಿದ್ದಾರೆ. ಒಬ್ಬ ಗುಮಾಸ್ತ ಕೂತರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲಬೇಕಾದಷ್ಟು ಚಿಕ್ಕ ಕಟ್ಟಡ. ಎತ್ತರದ ಸೇತುವೆ, ಸುರಂಗ, ಕಮಾನು ಯಾವುದೂ ಇಲ್ಲದ ಈ ರೈಲಿಗೆ ಇದಕ್ಕಿಂತ ಸರಿಯಾದ ಸ್ಮಾರಕ ಸಿಗಲಾರದು. ಕಲ್ಲಿದ್ದಲಿನ ಗಾಡಿ ಇಲ್ಲಿ ತೂಗುತ್ತಿತ್ತು. ತೂಕದ ಚೀಟಿ ಇಲ್ಲಿ ಹರಿಯುತ್ತಿತ್ತು. ಷೇರುದಾರರಿಗೆ ಒಂದು ಪೆನ್ನಿಯ ಲಾಭಾಂಶವನ್ನೂ ಕೊಡಲಾಗದ ಕಂಪನಿ, ಊರಿನ ಒಲೆಗೆ ಬೆಂಕಿಯನ್ನು, ಜಾತ್ರೆಗೆ ಕುರಿಗಳನ್ನು, ಮನೆಗೆ ಮಕ್ಕಳನ್ನು ಮಾತ್ರ ತಪ್ಪದೆ ಮುಟ್ಟಿಸುತ್ತಿತ್ತು.

ನಾನು ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದಾಗ ಅಳಿಯಂದಿರು ಕೇಳಿದರು, "ನಿಮ್ಮ ಸ್ಟೇಶನ್ನಿನಲ್ಲೂ ಇಂಥದ್ದಿತ್ತೇ?"

"ಇತ್ತು. ಅಡಿಕೆ ಮೂಟೆ ತೂಗುತ್ತಿದ್ದೆವು. ಈಗ ಅಲ್ಲಿ ಮೇಕೆ ಕಟ್ಟುತ್ತಾರೆ."

ರೈಲಿನ ಕೊನೆಗಾಲದ ನಾಯಕ ಒಂದು ಎಂಜಿನ್ನು. ಹೆಸರು ಕಾರ್ಲೈಲ್, ಲೀಡ್ಸ್‌ನ ಕಿಟ್ಸನ್ ಕಾರ್ಖಾನೆಯಲ್ಲಿ 1868ರಲ್ಲಿ ತಯಾರಾದದ್ದು. ಗುತ್ತಿಗೆದಾರರ ಕೈಯಲ್ಲಿ ದುಡಿದು ಹಳತಾದ ಮೇಲೆ, 1895ರಲ್ಲಿ ಇಲ್ಲಿಗೆ ಬಂತು. ಹೊಸ ಎಂಜಿನ್ನು ಕೊಳ್ಳುವ ಭಾಗ್ಯ ಈ ರೈಲಿಗೆ ಎಲ್ಲಿಯದು? ಜೊತೆಗಾರನಾಗಿ ಗ್ರೇಟ್ ವೆಸ್ಟರ್ನ್ ರೈಲ್ವೆ ಬಳಸಿ ಬಿಟ್ಟ ಇನ್ನೊಂದು ಚಿಕ್ಕ ಎಂಜಿನ್ನಿಗೆ 'ನಂಬರ್ 1' ಎಂದು ಹೆಸರಿಟ್ಟರು. ಇವೆರಡೇ ಸರದಿಯ ಮೇಲೆ, ಪ್ರಯಾಣಿಕರ ಬೋಗಿ ಮತ್ತು ಸರಕಿನ ವ್ಯಾಗನ್ನು ಒಟ್ಟಿಗೆ ಕಟ್ಟಿದ ಮಿಕ್ಸೆಡ್ ಗಾಡಿ ಎಳೆಯುತ್ತಿದ್ದವು. 1923ರಲ್ಲಿ ಬ್ರಿಟನ್ನಿನ ಬಹುತೇಕ ರೈಲು ಕಂಪನಿಗಳನ್ನು ನಾಲ್ಕು ದೊಡ್ಡ ಕಂಪನಿಗಳಿಗೆ ಹಂಚಿದಾಗ ಇದನ್ನು ಯಾರೂ ಮುಟ್ಟಲಿಲ್ಲ. ಅಷ್ಟು ಸಾಲದ ಕೂಸನ್ನು ದತ್ತು ತೆಗೆದುಕೊಳ್ಳುವವರು ಯಾರು? ಸಾಲಗಳು ಕೊಲ್ಲದ್ದನ್ನು ಕೊನೆಗೆ ಮೋಟಾರು ಲಾರಿ, ಬಸ್ಸುಗಳು ಕೊಂದವು. 1935ರ ಏಪ್ರಿಲ್ 20, ಈಸ್ಟರ್ ಹಿಂದಿನ ಶನಿವಾರ, ಕೊನೆಯ ಗಾಡಿ.

ಆ ಮೇಲಿನ ಭಾಗ ನನಗೆ ಹೇಳಲು ಇಷ್ಟವಿಲ್ಲ. ಹಳಿಗಳನ್ನು ಗುಜರಿಗೆ ಮಾರಿದರು. ಕಿತ್ತ ಹಳಿ ಸಾಗಿಸಲು ಒಂದು ಎಂಜಿನ್ನು ಬೇಕಿತ್ತು. ಕಾರ್ಲೈಲನ್ನೇ ಹೂಡಿದರು. ಅದು ಓಡಾಡಿದ ಹಳಿಯನ್ನು ಹಿಂದಿನಿಂದ ಬಿಚ್ಚುತ್ತ ಬರುವುದು, ಅದು ಆ ಕಬ್ಬಿಣವನ್ನು ಹೊತ್ತು ಉಳಿದ ಹಳಿಯ ಮೇಲೆ ಓಡುವುದು. ಹಳಿಯೆಲ್ಲ ಮುಗಿದ ಮೇಲೆ, 1937ರಲ್ಲಿ ಅದನ್ನೂ ಒಡೆದರು. ಮಲೆನಾಡಿನಲ್ಲಿ ಮೀಟರ್ ಗೇಜ್ ಕಿತ್ತಾಗ ನಾವು ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದ್ದೆವು, ಆದರೆ ಅಲ್ಲಿ ಹಿಂದೆಯೇ ಬ್ರಾಡ್‌ಗೇಜ್ ಬರಲಿಕ್ಕಿತ್ತು.

ಮೂರು ಗಂಟೆ ಆಗಿತ್ತು. ಪೋವಿಸ್ ಕೋಟೆಗೆ ಹೋಗುವ ದಾರಿ 'ಬರದೇ ಹೋದ ರೈಲಿನ' ದಿಕ್ಕಿನಲ್ಲೇ ಇತ್ತು. ಗಡಿ ದಾಟಿ ವೇಲ್ಸಿಗೆ ಬಂದಾಗ ರಸ್ತೆಯ ಫಲಕಗಳಲ್ಲಿ ಎರಡು ಭಾಷೆ ಕಾಣಿಸಿತು, ಬೆಳಗಾವಿಯ ನೆನಪಾಯಿತು. ಟಿಪ್ಪುವಿನ ಡೇರೆ ಇಲ್ಲಿಗೆ ಬಂದದ್ದು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್‌ನಿಂದ. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಅವನೇ. ಹೂಬಳ್ಳಿಯ ಅಚ್ಚಿರುವ ಆ ಹತ್ತಿಯ ಡೇರೆಯನ್ನು ಕ್ಲೈವ್ ಮನೆತನದವರು ತೋಟದ ಔತಣಗಳಿಗೆ ಹಾಕುತ್ತಿದ್ದರಂತೆ. "ಐದಕ್ಕೆ ಮುಚ್ಚಿದರೆ ಮಗಳು ನನ್ನನ್ನು ಬಿಡುವುದಿಲ್ಲ" ಎಂದು ನಾನೂ, "ನನ್ನನ್ನೂ" ಎಂದು ಅಳಿಯಂದಿರೂ ಆತುರಪಟ್ಟೆವು. ಆದರೂ ಮಾಂಟ್‌ಗೊಮರಿಯ ಹಳೆಯ ನಿಲ್ದಾಣದ ಬಳಿ ಎರಡೇ ನಿಮಿಷ ನಿಲ್ಲಿಸಿ ಎಂದು ಬೇಡಿಕೊಂಡೆ.

ಊರಿಗೂ ಆ ನಿಲ್ದಾಣಕ್ಕೂ ಸಾಕಷ್ಟು ದೂರ. ಅದೂ 1965ರಲ್ಲಿ ಮುಚ್ಚಿತು. ಆದರೆ ಮಾರ್ಗ ಜೀವಂತವಾಗಿದೆ. ಶ್ರೂಸ್‌ಬರಿಯಿಂದ ಸಮುದ್ರದಂಚಿನ ಅಬೆರಿಸ್ಟ್‌ವಿತ್‌ಗೆ ಹೋಗುವ ಗಾಡಿಗಳು ಇಲ್ಲಿ ಹಾದುಹೋಗುತ್ತವೆ, ನಿಲ್ಲುವುದಿಲ್ಲ. ಲಿಡಮ್ ಹೀತ್‌ನಿಂದ ಹೊರಟ ಹಳಿ ಬಂದು ಸೇರಬೇಕಿದ್ದದ್ದು ಈ ಹಳಿಯನ್ನು. ಬೇಲಿಯ ಈಚೆ ನಿಂತು, ಬರಬೇಕಿದ್ದ ಕಡೆಗೊಮ್ಮೆ ನೋಡಿದೆ. ಗುಡ್ಡ, ಮೋಡ, ಮತ್ತೆ ಕುರಿ.

ಅಷ್ಟರಲ್ಲಿ ಹಳಿ ಗುಂಯ್‌ಗುಟ್ಟಿತು. ಈ ಸದ್ದು ಕಿವಿಗೆ ಬಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ತಿರುವಿನಲ್ಲಿ ಡೀಸೆಲ್ ಗಾಡಿಯ ಮುಖ ಕಂಡದ್ದೇ, ಮೂವತ್ತನಾಲ್ಕು ವರ್ಷ ಹಸಿರು ಬಾವುಟ ಹಿಡಿದ ತೋಳು ತಾನಾಗಿ ಮುಂದೆ ಚಾಚಿಕೊಂಡಿತು.

"ಮಾವ, ಕೊಡೆ!" ಎಂದು ಅಳಿಯಂದಿರು ಕಿರುಚಿದರು.

ಕೆಂಪು ಕೊಡೆಯನ್ನು ತಟಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಗಾಡಿ ವೇಗ ತಗ್ಗಿಸದೆ ಹಾದುಹೋಯಿತು.